ಕುಡಿತ ಬಿಡಿಸಿದ ಮೂರು ದಿನ

ಕುಡುಕರ ಮನೆಯ ಹೆಂಗಸರಿಗೆ ಬುದ್ಧಿ ಹೇಳುವವರು ಊರು ತುಂಬ ಇದ್ದಾರೆ. ದಾರಿ ಹೇಳುವವರು ಒಬ್ಬರಿಲ್ಲ.

ನನ್ನ ತಮ್ಮ ಅರಂತೋಡಿನ ಹತ್ತಿರ ಧಣಿಗಳ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ. ನಾನು ಬೀಡಿ ಕಟ್ಟುವವಳು. ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಸಾರಾಯಿ ಒಳಗೆ ಹೋಗದಿದ್ದರೆ ಅವನ ಕೈಯಲ್ಲಿ ಕತ್ತಿ ನಿಲ್ಲುತ್ತಿರಲಿಲ್ಲ. ಹತ್ತು ವರ್ಷ ಇದೇ ಕತೆ. ಕೊನೆಗೆ ಅವನ ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು, ಕಡಬದ ತವರಿಗೆ ಹೋದಳು. ನನಗೆ ತಡೆಯಲಿಲ್ಲ. ಅವನ ರಟ್ಟೆ ಹಿಡಿದು ಎಳೆದು ದೈವದ ಎದುರು ನಿಲ್ಲಿಸಿದೆ. "ಇನ್ನು ಮುಟ್ಟುದಿಲ್ಲ" ಎಂದು ಗಂಧ ಹಿಡಿದು ಪ್ರಮಾಣ ಮಾಡಿದ.

ಮೊದಲ ದಿನ ಕೈ ನಡುಗಿತು. ಎರಡನೆಯ ದಿನ ಗಂಜಿ ಸೇರಲಿಲ್ಲ, ಬೆವರಿಗೆ ಚಾಪೆ ಒದ್ದೆ. ಮೂರನೆಯ ದಿನ ಬೆಳಿಗ್ಗೆ, "ಗೋಡೆ ತುಂಬ ಇರುವೆ ಉಂಟು, ತೆಗಿ ಅಕ್ಕಾ" ಎಂದು ಕಿರುಚಿದ. ಒಂದು ಇರುವೆಯೂ ಇರಲಿಲ್ಲ. "ದೈವ ಪರೀಕ್ಷೆ ಮಾಡುದು, ನೀನು ಗಟ್ಟಿ ಇರು" ಎಂದಳು ನೆರೆಮನೆಯವಳು. ನನ್ನ ಮಂಡೆಗೂ ಅದೇ ಸರಿ ಕಂಡಿತು.

"ಒಂದೇ ಗುಟುಕು ಅಕ್ಕಾ, ಸಾಯ್ತೇನೆ" ಎಂದು ಕಾಲು ಹಿಡಿದ.

"ನಾಟಕ ಸಾಕು ಮಾರಾಯ" ಎಂದೆ. ಅವನು ಮಾಡಿನ ಹಂಚಿನ ಸಂದಿಯಲ್ಲಿ ಅಡಗಿಸಿಟ್ಟಿದ್ದ ಪ್ಯಾಕೆಟನ್ನು ಅವನ ಕಣ್ಣೆದುರೇ ಹರಿದು ಅಂಗಳಕ್ಕೆ ಚೆಲ್ಲಿದೆ. ಹೊರಗಿನಿಂದ ಚಿಲಕ ಹಾಕಿ ಬೀಡಿ ಕಟ್ಟಲು ಕೂತೆ.

ಮಧ್ಯಾಹ್ನ ಒಳಗೆ ದಡಬಡ ಸದ್ದು. ಬಾಗಿಲು ತೆರೆದರೆ ಫಿಟ್ಸ್, ಬಾಯಲ್ಲಿ ನೊರೆ. ಜೀಪಿಗೆ ಹಾಕಿ ಸುಳ್ಯಕ್ಕೆ ಓಡಿದೆವು, ಅಲ್ಲಿಂದ ಪುತ್ತೂರಿಗೆ. ಡಾಕ್ಟರಮ್ಮ ಚಿಕ್ಕ ಪ್ರಾಯದವರು. "ಇಷ್ಟು ವರ್ಷ ಕುಡಿದವರ ಕುಡಿತ ಒಮ್ಮೆಲೇ ನಿಲ್ಲಿಸಬಾರದು, ಮದ್ದು ಕೊಟ್ಟು ನಿಲ್ಲಿಸಬೇಕು. ನಿಮಗೆ ಯಾರೂ ಹೇಳಿಲ್ವಾ?" ಎಂದು ಕೇಳಿದರು.

ಯಾರು ಹೇಳುದು? ಧಣಿಗಳ ಮಗನೂ ಅದೇ ವರ್ಷ ಕುಡಿತ ಬಿಟ್ಟಿದ್ದ. ಮಂಗಳೂರಿನಲ್ಲಿ ಹದಿನೈದು ದಿನ ರೂಮು, ಡ್ರಿಪ್ಸು, ಮಾತ್ರೆ. ಅವನದ್ದು ಕಾಯಿಲೆಯಂತೆ. ನಮ್ಮವನದ್ದು ಕೊಬ್ಬು. ಕುಡುಕನನ್ನು ಕರ್ಕೊಂಡು ಹೋದರೆ ಬೈದು ಕಳಿಸ್ತಾರೆ ಎಂದು ಹೆದರಿ ನಾವು ಆಸ್ಪತ್ರೆಯ ಮೆಟ್ಟಿಲೇ ಹತ್ತಿರಲಿಲ್ಲ. ಅಯ್ಯೋ, ಬೈಸಿಕೊಂಡಿದ್ದರೆ ಎಂತ ಆಗ್ತಿತ್ತು ನನಗೆ!

ಮರುದಿನ ಬೆಳಿಗ್ಗೆ ತಮ್ಮ ಹೋದ.

ಉತ್ತರಕ್ರಿಯೆ ಮುಗಿಸಿ ಬೊಜ್ಜದ ಊಟ ಹಾಕುವ ದಿನ ಧಣಿಗಳು ಬಂದು ಅಂಗಳದಲ್ಲೇ ನಿಂತರು. "ಬೇಸರ ಮಾಡ್ಬೇಡ," ಎಂದರು. "ಒಂದು ತೊಟ್ಟೂ ಮುಟ್ಟದೆ ಸತ್ತ. ನೀನು ಅವನನ್ನು ಸರಿ ಮಾಡಿದಿ."

"ಹೌದು ಧಣಿ" ಎಂದೆ.