ಬಿಳೀ ಕಾರಿನ ಹೊಟ್ಟಿ

ನಮ್ಮ ಸೊಸಿಗೆ ಚಿಂಚೋಳಿ ಆಚೆಕಿನ ಒಂದು ಹಳ್ಳಿ ದವಾಖಾನಿಗೆ ಬದಲಿ ಆತು. ಆಕಿ ನರ್ಸ್. ಇಲ್ಲೇ ಸೇಡಂದಾಗ ಇದ್ದಾಗ ನಡ್ಕೋತ ಹೋಗಿ ನಡ್ಕೋತ ಬರ್ತಿದ್ಲು. ಈಗ ಡ್ಯೂಟಿ ಮುಗಿಯೂದ್ರಾಗ ಕಡೀ ಬಸ್ ಹೋಗಿಬಿಟ್ಟಿರ್ತದ. ಮಗ ವಾಡಿದಾಗ ಶಿಫ್ಟಿನ ಕೆಲಸದಾಗ ಇದ್ದಾನ, ಮನಿಗೆ ಮಲಗಲಿಕ್ಕಷ್ಟೇ ಬರ್ತಾನ. ಚಿಂಚೋಳಿದಾಗ ಒಂದು ಖೋಲಿ ಹಿಡದು ಇರು, ಐತಾರಕ್ಕೊಮ್ಮಿ ಬಾ ಅಂದ ಅಂವ. ಖೋಲಿನೂ ನೋಡಿ ಬಂದಿದ್ದ, ಎರಡು ದಿನದಾಗ ಹೂಂ ಅಂತ ಹೇಳಬೇಕಿತ್ತು. ನಾ ರೊಟ್ಟಿ ಬಡಕೋತ ಕುಂತಿದ್ದೆ. ಆಕಿ ಹೋದ್ರ ಜಗಳಾಡ್ಲಿಕ್ಕೆ ನನಗ ಯಾರೂ ಉಳಿಯಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಎದಿಯಾಗ ಏನೂ ಆಗಲಿಲ್ಲ.

ಹಂಗ ನೋಡಿದ್ರ ನಮ್ಮ ಮನಿಯವರು ತೀರಿ ಹೋದಾಗಿಂದ ನನಗ ಏನೂ ಆಗಿಲ್ಲ. ಕೈ ಮ್ಯಾಲ ತಲಿ ಇಟ್ಟು ಮಲಗಿದ್ರ ಕೈ ಜೋಮ ಹಿಡಿತದಲ್ಲ, ಚೂಟಿದ್ರೂ ಬ್ಯಾರೆ ಯಾರದೋ ಕೈ ಅನ್ನಿಸ್ತದ, ಹಂಗ. ಮಣ್ಣಿಗೆ ಬಂದ ಹೆಣ್ಮಕ್ಕಳು ನಾ ಯಾವಾಗ ಅಳ್ತೀನಿ ಅಂತ ಮಾರಿ ನೋಡಿ ನೋಡಿ ದಣದರು. ನಾ ಎಲ್ಲರಿಗೂ ಚಾ ಬಂತೋ ಇಲ್ಲೋ ಅಂತ ಕೇಳಿದೆ.

ಮನಿ ಹಿಂದ ಶೆಡ್ಡಿನ್ಯಾಗ ಮನಿಯವರ ಬಿಳೀ ಕಾರು ನಿಂತಿತ್ತು. ಟೈರ್ ನೆಲಕ್ಕ ಕುಂತಿದ್ವು. ಹಿಂದಿನ ಸೀಟಿನ ಮ್ಯಾಲ ಬೆಕ್ಕು ಬಾಣಂತನ ಮಾಡಿಕೊಂಡಿತ್ತು. ಅವರದು ಫರಸಿ ಕಲ್ಲಿನ ವ್ಯಾಪಾರ, ಶಹಾಬಾದ, ಚಿತ್ತಾಪುರ ಎಲ್ಲಾ ಆ ಕಾರಿನ್ಯಾಗೇ ತಿರಗ್ಯಾರ. ಕಡೀಕಡೀಗೆ ಮರವು ಬಂತು. ಒಮ್ಮಿ ಭಂಕೂರದಾಗ ಗಾಡಿ ನಿಲ್ಲಿಸಿ, ನಮ್ಮ ಮನಿ ಯಾವ ಕಡಿ ಬರ್ತದ್ರೀ ಅಂತ ಅಲ್ಲಿಯವರನ್ನ ಕೇಳ್ಯಾರ. ಅವತ್ತೇ ಮಗ ಕೀಲಿ ಕಸಗೊಂಡ. ಆಮ್ಯಾಲ ದಿನಾ ಸಂಜಿಕ ಶೆಡ್ಡಿಗಿ ಹೋಗಿ ಬಾನೆಟ್ ಎತ್ತಿ ಅರಿಬಿಲೆ ಒರಸಿ ಬರ್ತಿದ್ರು. ಅಷ್ಟರೆ ಮಾಡ್ಲಿ ಅಂತ ಬಿಟ್ಟಿದ್ವಿ.

ಮಗ ಗುಜರಿಯವಗ ಕೊಟ್ಟುಬಿಡೂನು ಅಂದ. ಸೊಸಿ ಮಾತ್ರ, ನನಗ ಮಾವನೇ ಡ್ರೈವಿಂಗ್ ಕಲಿಸ್ಯಾರ, ಒಮ್ಮಿ ಮಿಸ್ತ್ರಿಗೆ ತೋರಸೂನು, ಚಾಲೂ ಆದ್ರ ದಿನಾ ಹೋಗಿ ಬರ್ತೀನಿ, ಇಲ್ಲಂದ್ರ ಖೋಲಿ ಅಂದ್ಲು.

ಚಿತ್ತಾಪುರ ರಸ್ತಾದಾಗಿನ ಗ್ಯಾರೇಜಿನ ಮಿಸ್ತ್ರಿ ಬಂದ. ಎಂಜಿನ್ನಿಗೆ ಎಣ್ಣಿ ಹಾಕೋ ಬಾಯಿ ಮುಚ್ಚಳ ತಿರುವಿ ಬೆರಳು ಹಾಕಿದ. ಬೆರಳು ಸರಳ ಹೊರಗ ಬರಲಿಲ್ಲ.

"ಅಮ್ಮಾ, ಇದ್ರಾಗ ಎಣ್ಣಿ ಇಲ್ಲ, ಹಲ್ವಾ ಅದ."

"ಕೆರದು ತಗೀರಿ ಮತ್ತ. ತಳ ಹತ್ತಿದ್ದು ನಾವು ದಿನಾ ಕೆರೀತೀವಿ," ಅಂದೆ.

ಮಿಸ್ತ್ರಿ ಗೊಣಗಕೋತ ಮ್ಯಾಲಿನ ಮುಚ್ಚಳ ಬಿಚ್ಚಿದ. ಒಳಗೆಲ್ಲಾ ಕರೀ ರಾಡಿ, ಅದ್ರ ಮ್ಯಾಲ ಕಂದು ಬಣ್ಣದ ಜಿಗಟು. ಎಂಜಿನ್ ಎಣ್ಣಿ ಕೆಟ್ಟರ ರಾಡಿ ಆಗ್ತದ, ಹಿಂಗ ರಬ್ಬರಿನಂಗ ಜಗ್ಗೂದು ನಾ ನೋಡಿಲ್ಲ ಅಂದ. ನಾ ಬಗ್ಗಿ ನೋಡಿದೆ. ಉಗುರಿಲೆ ಕೆರದು ಮೂಗಿಗಿ ಹಿಡದೆ. ಬಜ್ಜಿ ಕರದ ಕಡಾಯಿ ನಾಕು ದಿನ ತೊಳೀದೆ ಬಿಟ್ಟರ ಅಂಚಿಗಿ ಹಿಂಗೇ ಹತ್ತಿರ್ತದ. ಇಡೀ ಜನ್ಮ ತಿಕ್ಕೀನಿ, ನನಗ ತಿಳಿಯಂಗಿಲ್ಲೇನು?

"ಇದು ಕುಸುಬಿ ಎಣ್ಣಿ," ಅಂದೆ.

ಸೊಸಿ ನನ್ನ ಮಾರಿ ನೋಡಿದ್ಲು.

ಮನಿಯವರು ಇದ್ದಾಗ ನಮ್ಮ ಮನ್ಯಾಗ ಕುಸುಬಿ ಎಣ್ಣಿ ಡಬ್ಬಿ ತಾನೇ ತಾನೇ ಖಾಲಿ ಆಗ್ತಿತ್ತು. ನನಗ ಬಿಪಿ. ಕರದದ್ದು ತಿನಬ್ಯಾಡ್ರಿ ಅಂತ ಹೇಳಿದಾಕಿ ಸೊಸಿನೇ. ಹಿಂಗಾಗಿ ಮಧ್ಯಾಹ್ನ ತಾ ಇಲ್ಲದಾಗ ಅತ್ತಿ ಕದ್ದು ಬಜ್ಜಿ ಮಾಡ್ಕೊಂಡು ತಿಂತಾರ ಅಂತ ಆಕಿ ಗಟ್ಟಿ ಮಾಡ್ಕೊಂಡ್ಲು. ಡಬ್ಬಿ ಒಯ್ದು ಅಟ್ಟದ ಮ್ಯಾಲ ಇಟ್ಟಳು. ಆದ್ರೂ ಖಾಲಿ ಆತು. ಈ ಮೊಣಕಾಲು ತಗೊಂಡು ನಾ ಸ್ಟೂಲ್ ಹತ್ತತೀನಿ ಅಂತ ಆಕಿ ನಂಬಿದ್ಲಲ್ಲ, ನನಗ ಒಂದು ನಮೂನಿ ಹೆಮ್ಮಿನೇ ಅನಿಸ್ತು. ಅದಕ್ಕ ಇಲ್ಲ ಅಂತ ಅನ್ಲಿಲ್ಲ. ಒಂದೆರಡು ಸಲ ಖರೇನೂ ತಿಂದಿದ್ದೆ, ಆದ್ರ ಡಬ್ಬಿಗಟ್ಟಲೆ ಅಲ್ಲ. ನಾವಿಬ್ಬರೂ ಜಗಳಾಡೂ ಮುಂದ ಮನಿಯವರು ಕಟ್ಟಿ ಮ್ಯಾಲ ಕುಂತು, ಆಕಿಗಿ ಮೊದಲಿಂದ ಬಜ್ಜಿ ಚಟ ಅದ ಅಂತಿದ್ರು. ಆರು ಫೂಟಿನ ಆಳು. ಅಟ್ಟ ಅವರಿಗಿ ಯಾವ ಲೆಕ್ಕ. ಅವರು ಹೋದಮ್ಯಾಲ ಎಣ್ಣಿ ಕಮ್ಮಿ ಆಗೂದು ನಿಂತಿತು. ದುಃಖಕ್ಕ ಅತ್ತಿ ಕರದದ್ದು ಬಿಟ್ಟಾರ ಅಂತ ಸೊಸಿ ಬಂದವರಿಗೆಲ್ಲ ಹೇಳಿದ್ಲು. ಅದಕ್ಕೂ ನಾ ಇಲ್ಲ ಅನ್ಲಿಲ್ಲ.

ಎಂಜಿನ್ ಹೊಟ್ಟಿ ಖಾಲಿ ಇಡಬಾರ್ದು ಅಂತ ಅವರು ಯಾವಾಗ್ಲೂ ಅಂತಿದ್ರು. ಯಾವ ಎಣ್ಣಿ ಅನ್ನೂದು ಮರ್ತಿತ್ತು, ಹಾಕೋದು ಮರ್ತಿದ್ದಿಲ್ಲ.

ಮಿಸ್ತ್ರಿ ಎಣ್ಣಿ ನಿಲ್ಲೋ ಕೆಳಗಿನ ಛೇಂಬರ್ ಇಳಿಸಿದ. ಎಣ್ಣಿ ಜಗ್ಗೋ ಜಾಲರಿ ಪೂರಾ ಮುಚ್ಚಿಹೋಗಿತ್ತು. ಕೀಲಿ ಕಸಗೊಂಡಿದ್ದೇ ಛಲೋ ಆತು, ಈ ಎಣ್ಣಿ ಮ್ಯಾಲ ಓಡಿಸಿದ್ರ ಎಂಜಿನ್ ಅವತ್ತೇ ಜಾಮ್ ಆಗಿ ಹಿಡಕೊಂತಿತ್ತು ಅಂದ. ಸೊಸಿ ಜಾಲರಿ ಡೀಸಲ್‌ನ್ಯಾಗ ಅದ್ದಿ ಬ್ರಶ್ಶಿಲೆ ತಿಕ್ಕಿದ್ಲು. ಛೇಂಬರ್ ತಗಡಿಂದು, ಅದನ್ನ ನಾ ಬಚ್ಚಲಕ್ಕ ಒಯ್ದು ಬಿಸಿನೀರು, ಸೋಡಾ ಹಾಕಿ ನೆನಸಿ ಕಡಾಯಿ ತಿಕ್ಕಿದಂಗ ತಿಕ್ಕಿದೆ. ಅವರು ಹಾಕಿದ್ದು ಒಂದೊಂದೇ ಪದರ ಬಿಚ್ಚಿ ಮೋರಿಗಿ ಹೋತು. ಈಗರ ಅಳು ಬರ್ತದೇನೋ ಅಂತ ಒಂದೀಟು ತಡದೆ. ಬರಲಿಲ್ಲ. ತೊಳದು ಬೋರಲ ಹಾಕಿದೆ.

ಮರುದಿನ ಎಲ್ಲಾ ಕೂಡಿಸಿ, ಟೈರಿಗಿ ಗಾಳಿ ತುಂಬಿ, ಹೊಸಾ ಬ್ಯಾಟರಿ ಹಚ್ಚಿ, ಹೊಸಾ ಎಣ್ಣಿ ಸುರುವಿದ್ರು. ಸೊಸಿ ಕೀಲಿ ತಿರುವಿದ್ಲು. ಕೆಮ್ಮಿ ಬಂದ್ ಆತು. ಮತ್ತ ತಿರುವಿದ್ಲು, ಮತ್ತ ಬಂದ್. ಮಗ ಖೋಲಿ ಮಾಲಕಗ ಹೇಳ್ಲಿಕ್ಕಂತ ಫೋನ್ ಕೈಯಾಗ ಹಿಡಕೊಂಡೇ ನಿಂತಿದ್ದ. ಮಿಸ್ತ್ರಿ ಒಳಗ ಏನೋ ಬಿಗಿ ಮಾಡಿ, ಈಗ ನೋಡ್ರಿ ಅಂದ. ಗಡಗಡ ಅಂತ ಹತ್ತಿಕೊಂತು. ಹಿಂದಿಂದ ಹೊಗಿ ಬಂತು ನೋಡ್ರಿ, ಓಣಿ ತುಂಬ ಕರದ ವಾಸನಿ. ಎದುರಿನ ಮನ್ಯಾಕಿ ಹಣಿಕಿ ಹಾಕಿ, ಏನ್ ಹಬ್ಬರೀ ಇವತ್ತ ಅಂದ್ಲು. ಸೊಸಿ ಸ್ಟೇರಿಂಗ್ ಹಿಡಕೊಂಡು ನಗಲಿಕತ್ತಿದ್ಲು, ಕಣ್ಣಾಗ ನೀರು. ಮಗ ಫೋನ್ ಕಿಸೆದಾಗ ಇಟ್ಟುಕೊಂಡ.

ಸ್ವಲ್ಪ ಓಡಿಸಿ ಮಿಸ್ತ್ರಿ ಆ ಎಣ್ಣಿನೂ ಇಳಿಸಿ ಬ್ಯಾರೆದು ಹಾಕಿದ. ಒಳಗ ಉಳಿದ ಹೊಲಸು ಇನ್ನಾ ಬರ್ತದ, ಲಗೂ ಲಗೂ ಬದಲಿ ಮಾಡ್ಕೋತ ಇರ್ರಿ ಅಂದ.

ಸ್ವಾಮಾರ ಆಕಿ ಅದ್ರಾಗೇ ಡ್ಯೂಟಿಗಿ ಹೋದ್ಲು. ಸಂಜಿಕ ನಾ ಶೆಡ್ಡಿನ ಕಟ್ಟಿ ಮ್ಯಾಲ ಕುಂತೆ, ಬೆಕ್ಕೂ ಬಂದು ಕುಂತು. ಹೊತ್ತು ಮುಳುಗಿದಮ್ಯಾಲ ಕಾರಿನ ಸಪ್ಪಳ ಕೇಳ್ತು. ಆಕಿ ಇಳದು ಸೀದಾ ಅಡಗಿ ಮನಿಗಿ ಹೋದ್ಲು. ಸ್ಟೂಲ್ ಹತ್ತಿ ಅಟ್ಟದ ಮ್ಯಾಲಿನ ಎಣ್ಣಿ ಡಬ್ಬಿ ಇಳಿಸಿ ಒಲಿ ಬಾಜೂಕ ಇಟ್ಟಳು.

"ಇಲ್ಲೇ ಇರ್ಲಿ ಬಿಡ್ರಿ ಅತ್ತಿ," ಅಂದ್ಲು.

ನಾ ಉಳ್ಳಾಗಡ್ಡಿ ಹೆಚ್ಚಿ ಕಡ್ಲಿ ಹಿಟ್ಟು ಕಲಸಿ ಬಜ್ಜಿ ಕರದೆ. ಇಬ್ಬರೂ ಒಲಿ ಮುಂದ ಕುಂತು ಬಿಸಿಬಿಸಿದೇ ತಿಂದ್ವಿ. ಎರಡು ತಿಂದೆ, ರುಚಿ ಹತ್ತಲಿಲ್ಲ. ಮೂರನೇದಕ್ಕ ಕೈ ಹಾಕಿದೆ. ಆಕಿ ನೋಡಿನೂ ನೋಡದಂಗ ಕುಂತ್ಲು.