ಬಿಳಿ ಉಂಡಿ

ಶೈಲಾ, ನಿನ್ನ ಮಗಳಿಗೆ ಮೊಟ್ಟೆ ತಿನ್ನಿಸಿದವಳು ನಾನು, ನಿನ್ನ ಓರಗಿತ್ತಿ. ನೀನು ತವರಿನಲ್ಲಿದ್ದಾಗ, ಅತ್ತೆಯ ಕಣ್ಣು ತಪ್ಪಿಸಿ, ನಮ್ಮ ಮನೆಯ ಮಾಳಿಗೆಯ ಮೇಲೆ. ಅದನ್ನಾದರೂ ನೀನು ಕ್ಷಮಿಸಿಯೇ ಬಿಡುತ್ತೀಯೇನೋ. ಇನ್ನೊಂದಿದೆ — ಸಹನಾ ಫಿಟ್ಸ್ ಬಂದು ಬಿದ್ದ ದಿನ, ಮಗು ಏನು ತಿಂದಿತ್ತು ಎಂದು ಡಾಕ್ಟರು ಕೇಳಿದಾಗ, ಏನೂ ತಿಂದಿಲ್ಲ ಎಂದವಳೂ ನಾನೇ. ನಿನ್ನ ಮಗಳನ್ನು ಹಾಳು ಮಾಡಿದ್ದು ಮೊಟ್ಟೆಯಲ್ಲ, ಆ ಮಾತು.

ಇದನ್ನು ನಿನ್ನ ಎದುರಿಗೆ ಕೂತು ಹೇಳಬೇಕು. ಆದರೆ ಬಾಯಿ ತೆರೆದರೆ ಬೇರೆಯದೇ ಬರುತ್ತದೆ — ನಲ್ಲಿ ಬಂತಾ, ಸೊಪ್ಪು ಸೋಸಿದೆಯಾ... ಅದಕ್ಕೇ ಮೊದಲು ಇಲ್ಲಿ ಒಬ್ಬಳೇ ಹೇಳಿಕೊಂಡು ನಾಲಿಗೆಗೆ ರೂಢಿ ಮಾಡಿಸುತ್ತಿದ್ದೇನೆ. ನನ್ನ ನಾಲಿಗೆ ಎಂಥದ್ದೆಂದು ನಿನಗೆ ಗೊತ್ತು. ಕಂಡಕ್ಟರ್ ಜೊತೆ, ತರಕಾರಿಯವನ ಜೊತೆ, ಹೆಡ್‌ಮಾಸ್ತರ ಜೊತೆ ಕತ್ತರಿಯ ಹಾಗೆ ಆಡುತ್ತದೆ. ನಿಜ ಹೇಳಬೇಕಾದ ಒಂದೇ ಒಂದು ಕಡೆ ಹೇಡಿಯಾಯಿತು.

ಸಹನಾಗೆ ಆಗ ಮೂರು ತುಂಬಿತ್ತಷ್ಟೆ. ಕಡ್ಡಿಯಂಥ ಮಗು. ಮಕ್ಕಳ ಡಾಕ್ಟರು ತೂಕ ನೋಡಿ, ನಿಮ್ಮಲ್ಲಿ ನಡೆಯುತ್ತದೆ ಅಂದರೆ ದಿನಕ್ಕೊಂದು ಮೊಟ್ಟೆ ಕೊಡಿ ಎಂದಿದ್ದರು. ಅತ್ತೆಯ ಕಿವಿಗೆ ಅದು ಬಿದ್ದದ್ದೇ ತಡ, ಬಳ್ಳಾರಿ ಸತ್ಯನಾರಾಯಣಪೇಟೆಯ ಆ ಮನೆ ಹಾರಿಹೋಗುವ ಹಾಗೆ ಕೂಗಿದರು. "ಕೊಳ್ಳಾಗ ಲಿಂಗ ಕಟ್ಟಿದವರ ಮನಿ ಇದು. ಮೊಟ್ಟಿ ಹೊಸ್ತಿಲ ದಾಟಿ ಒಳಗ ಬಂದ್ರ, ನಾ ದಾಟಿ ಹೊರಗ ಹೊಕ್ಕೀನಿ." ನೀನು ತಲೆ ತಗ್ಗಿಸಿದೆ. ನಾನೂ ತಗ್ಗಿಸಿದೆ. ಒಳಗೊಳಗೇ ಉರಿಯುತ್ತಿತ್ತು. ಕುರುಗೋಡಿನ ಶಾಲೆಯಲ್ಲಿ ವಿಜ್ಞಾನ ಹೇಳುವ ಟೀಚರು ನಾನು. ಪ್ರೋಟೀನ್ ಮೈ ಬೆಳೆಸುತ್ತದೆ ಎಂದು ಬೋರ್ಡಿನ ಮೇಲೆ ಮೊಟ್ಟೆಯ ಚಿತ್ರ ಬರೆಯುವವಳು. ಮುದುಕಿಗೇನು ತಿಳಿಯುತ್ತದೆ ಮಣ್ಣು, ಎಂದುಕೊಂಡೆ.

ಅದೇ ಹೊತ್ತಿಗೆ ದೇಶನೂರಿನಲ್ಲಿ ನಿನ್ನ ಅಪ್ಪ ಹಾಸಿಗೆ ಹಿಡಿದರು. ಭತ್ತದ ನಾಟಿಯ ದಿನಗಳು, ಮನೆ ತುಂಬ ಕೂಲಿ ಜನ, ಗದ್ದೆಯ ಸೊಳ್ಳೆ. ಮಗುವನ್ನು ಅಲ್ಲಿಗೆ ಒಯ್ಯುವುದು ಬೇಡ ಎಂದು ನಾನೇ ಹೇಳಿದೆ. "ಅಕ್ಕಾ, ನೀವದೀರಿ ಅಂತ ಬಿಟ್ಟು ಹೊಂಟೀನಿ" ಎಂದು ನೀನು ಸಹನಾಳನ್ನು ನನ್ನ ಕಂಕುಳಿಗೆ ಕೊಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ನನಗೆ ಮಕ್ಕಳಿಲ್ಲದ್ದನ್ನು ಇಲ್ಲಿ ನೆಪ ಮಾಡಿಕೊಳ್ಳುವುದಿಲ್ಲ. ಆ ಮಗುವಿನ ಕೆನ್ನೆ ತುಂಬಿಸಿ, ನೀನು ಬಂದಾಗ ನೋಡು ಹೆಂಗಾಗ್ಯಾಳ ಅಂತ ತೋರಿಸುವ ಆಸೆ ಇತ್ತು. ದೊಡ್ಡಸ್ತಿಕೆಯ ಆಸೆ.

ಕುರುಗೋಡಿನ ಬಸ್ ನಿಲ್ದಾಣದ ಎದುರು ಬೇಯಿಸಿದ ಮೊಟ್ಟೆ ಮಾರುವ ತಳ್ಳುಬಂಡಿ ಇತ್ತಲ್ಲ, ಈಗಲೂ ಇದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೋದೆ. ಅವನು ಊರಿಗೆಲ್ಲ ಕೇಳುವ ಹಾಗೆ, "ಟೀಚರಮ್ಮಾ, ಖಾರ-ಉಪ್ಪು ಹಚ್ಚಿ ಕೊಡ್ಲೇನ್ರೀ?" ಎಂದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಊಟದ ಡಬ್ಬಿಯಲ್ಲಿ ಮೊಟ್ಟೆ ಮುಚ್ಚಿಟ್ಟುಕೊಂಡು ಬಳ್ಳಾರಿಯವರೆಗೆ ಆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಅವಳನ್ನು ಕೂರಿಸಿಕೊಂಡೆ. "ಏನಿದು ದೊಡ್ಡಮ್ಮಾ?" ಎಂದಳು. ಬಿಳಿ ಉಂಡಿ ಎಂದೆ. ಎಷ್ಟು ಇಷ್ಟಪಟ್ಟು ತಿಂದಳೋ! ಆಮೇಲೆ ಅವಳ ಗಲ್ಲ ಹಿಡಿದು, "ಅಮ್ಮಗ, ಅಜ್ಜಿಗ, ಯಾರಿಗೂ ಹೇಳಬ್ಯಾಡ. ಹೇಳಿದ್ರ ದೊಡ್ಡಮ್ಮನ್ನ ಮನಿಯಿಂದ ಹೊರಗ ಹಾಕ್ತಾರ" ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ನನಗೆ ನಗು ಬಂತು. ಎತ್ತಿ ಮುದ್ದಿಟ್ಟೆ.

ತಿಂದು ಸ್ವಲ್ಪ ಹೊತ್ತಿಗೆ ಮಗು ಬೆವತು, ಮಂಕಾಗಿ, ನನ್ನ ತೊಡೆಯ ಮೇಲೆ ಒರಗಿಬಿಟ್ಟಿತು. ಬಳ್ಳಾರಿ ಬಿಸಿಲು ಎಂದುಕೊಂಡೆ. ಮುಂದಿನ ಸಲ ಕೊಟ್ಟಾಗಲೂ ಹಾಗೇ — ಕೈ ನಡುಗುತ್ತಿತ್ತು, ಕರೆದರೆ ಎತ್ತಲೋ ನೋಡುತ್ತಿದ್ದಳು. ಬೆಲ್ಲದ ಪಾನಕ ಕುಡಿಸಿದ ಮೇಲೆ ಎದ್ದು ಆಡಿದಳು. ನಾನು ಗಮನಿಸಿದೆ, ಶೈಲಾ. ಗಮನಿಸಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮೊಟ್ಟೆ ತಿಂದ ದಿನವೇ ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಮೈಗೆ ಒಗ್ಗುವವರೆಗೆ ಇರುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು — ಏನೆಂದು ಹೇಳಲಿ, ಟೀಚರು ನಾನು!

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದೆ. ಅತ್ತೆ ಪೂಜೆಯಲ್ಲಿದ್ದರು. ಸಹನಾ ಅನ್ನ ಬೇಡವೆಂದು ಹಟ ಹಿಡಿದಿದ್ದಳು. ಅನ್ನವಿಲ್ಲದಿದ್ದರೆ ಅದರಪ್ಪನಂಥದ್ದು ಇದೆಯಲ್ಲ ಎಂದು ಮಾಳಿಗೆಗೆ ಕರೆದೊಯ್ದು ಎರಡು ಮೊಟ್ಟೆ ತಿನ್ನಿಸಿದೆ. ಬೇರೇನೂ ಇಲ್ಲ, ಬರೀ ಮೊಟ್ಟೆ. ಕೆಳಗೆ ಬಂದು ಪಡಸಾಲೆಯಲ್ಲಿ ಆಡುತ್ತಿದ್ದವಳು ಹಾಗೇ ಕುಸಿದಳು. ಕಣ್ಣು ಮೇಲಕ್ಕೆ ಹೋದವು, ಕೈಕಾಲು ಸೆಟೆದವು, ಬಾಯಲ್ಲಿ ನೊರೆ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿ ತಕ್ಷಣ ಗ್ಲೂಕೋಸ್ ಹಚ್ಚಿದರು. "ಸಕ್ಕರಿ ಭಾಳ ಇಳಿದೈತಿ. ಕೊನೀಗೆ ಏನು ತಿಂದಿತ್ತು ಕೂಸು?" ಎಂದು ಡಾಕ್ಟರು ನನ್ನನ್ನೇ ಕೇಳಿದರು. ಪಕ್ಕದಲ್ಲಿ ಅತ್ತೆ ನಿಂತಿದ್ದರು, ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು.

"ಏನೂ ತಿಂದಿಲ್ರೀ. ಮುಂಜಾನಿಂದ ಖಾಲಿ ಹೊಟ್ಟಿ. ತಾಯಿ ಊರಿಗೆ ಹೋಗ್ಯಾಳ್ರೀ, ಅಕಿನ್ನ ನೆನಸ್ಕೊಂಡು ಏನೂ ತಿನ್ನವಲ್ಲದು."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ. ಸುಳ್ಳಿಗೆ ಬಲ ಬರಲಿ ಎಂದು ನಿನ್ನನ್ನು ಅದರೊಳಗೆ ಎಳೆದು ತಂದೆ.

ಆಡಿದ ಮಾತು ಗಾಳಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ಡಾಕ್ಟರ ಚೀಟಿಯ ಮೇಲೆ ಹತ್ತಿ ಕೂತಿತು. ಹಸಿವಿನಿಂದ ಸಕ್ಕರೆ ಇಳಿದದ್ದು, ಮಗುವನ್ನು ಖಾಲಿ ಹೊಟ್ಟೆಯಲ್ಲಿ ಬಿಡಬೇಡಿ, ನಡುನಡುವೆ ಹಾಲು, ಶೇಂಗಾ ಕೊಡುತ್ತಿರಿ ಎಂದರು. ನೀನು ದೇಶನೂರಿನಿಂದ ಓಡಿ ಬಂದೆ. ಬಾಗಿಲಲ್ಲೇ ಅತ್ತೆ, "ಕೂಸಿನ ಹೊಟ್ಟಿ ಸುಟ್ಟು ತವರಾಗ ಮೆರಿಯಾಕ ಹೋಗಿದ್ದೇನು?" ಎಂದರು. ನಾನು ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತಿದ್ದೆ. ಅಂದಿನಿಂದ ನೀನು ತವರಿನಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ನಿನ್ನ ಅಪ್ಪ ತೀರಿಕೊಂಡಾಗ ಮಣ್ಣಿಗೆ ಹೋದೆ, ಬಾಯಿಗೆ ನೀರು ಬಿಡಲು ಇರಲಿಲ್ಲ. ಅದೂ ನನ್ನ ತಲೆಯ ಮೇಲೆಯೇ ಇದೆ.

ಮೊಟ್ಟೆ ನಿಲ್ಲಿಸಿದೆ. ಆದರೂ ಅವಳು ಬೀಳುವುದು ನಿಲ್ಲಲಿಲ್ಲ. ನೋಡು, ಮೊಟ್ಟೆಯದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇನ್ನೊಂದು ಮನಸ್ಸು, ಲಿಂಗವಂತರ ಮಗುವಿನ ಬಾಯಿಗೆ ಮೊಟ್ಟೆ ಇಟ್ಟ ಪಾಪ ಹತ್ತಿತು ಎನ್ನುತ್ತಿತ್ತು. ಶಾಲೆ ಬಿಟ್ಟ ಮೇಲೆ ಕುರುಗೋಡಿನ ದೊಡ್ಡಬಸಪ್ಪನ ಗುಡಿಗೆ ಹೋದೆ. ಅಷ್ಟು ದೊಡ್ಡ ಬಸವಣ್ಣನ ಕಿವಿ ನನಗೆಲ್ಲಿ ಎಟುಕಬೇಕು. ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಎರಡು ಮೊಟ್ಟೆ, ಬರೀ ಮೊಟ್ಟೆ, ತಿಂದ ಸ್ವಲ್ಪ ಹೊತ್ತಿಗೆ — ಡಾಕ್ಟರಿಗೆ ಬೇಕಾಗಿದ್ದ ಮಾತನ್ನೆಲ್ಲ ಕಲ್ಲಿಗೆ ಹೇಳಿ ಬಂದೆ.

ಆಮೇಲಿನ ವರ್ಷಗಳು ನಿನಗೇ ಗೊತ್ತು. ಫಿಟ್ಸ್‌ನ ಔಷಧಿ, ತೂಕಡಿಕೆ, ಒಂದೇ ತರಗತಿಯಲ್ಲಿ ಮತ್ತೆ ಕೂತದ್ದು. ಹಾಲಿನ ಲೋಟ ನೋಡಿದರೆ ಸಹನಾ ಮಂಚದ ಕೆಳಗೆ ಹೋಗುತ್ತಿದ್ದಳು. ನೀನು ಹಿಡಿದೆಳೆದು, ಕಾಲ ಸಂದಿಯಲ್ಲಿ ಒತ್ತಿ ಹಿಡಿದು, ಅಳುತ್ತಾ ಕುಡಿಸುತ್ತಿದ್ದೆ. ಆ ಮಗುವಿನ ಮೈಗೆ ಗೊತ್ತಿತ್ತು, ಅದು ಬೇಡ ಬೇಡ ಎನ್ನುತ್ತಿತ್ತು. ನಾನು ಎಷ್ಟೋ ಸಲ ಅವಳ ಕೈ ಹಿಡಿದುಕೊಂಡು ನಿನಗೆ ಸಹಾಯ ಮಾಡಿದೆ.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಡಾಕ್ಟರಮ್ಮ ಅವಳಿಗೆ ಬರೀ ಪ್ರೋಟೀನ್ ಕುಡಿಸಿ ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಪ್ರೋಟೀನ್ ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗಿ ರಕ್ತಕ್ಕೆ ಬರುತ್ತದೆ. ಅದರಲ್ಲಿ ಲ್ಯೂಸಿನ್ ಎಂಬುದು ಹೆಚ್ಚಾದರೆ, ಇನ್ಸುಲಿನ್ ಬಿಡು ಎಂದು ಮೇದೋಜೀರಕಕ್ಕೆ ಸುದ್ದಿ ಮುಟ್ಟುತ್ತದೆ. ಎಲ್ಲರ ಮೈಯಲ್ಲೂ ಇದು ನಡೆಯುವುದೇ. ನಮ್ಮಲ್ಲಿ ಅದಕ್ಕೊಂದು ಲಗಾಮು ಇದೆ, ಸಕ್ಕರೆ ಬೀಳದಂತೆ ಎತ್ತಿ ಹಿಡಿಯುವ ಇನ್ನೊಂದು ಹಾರ್ಮೋನೂ ಇದೆ. ಇವಳಿಗೆ ಹುಟ್ಟಿನಿಂದಲೇ ಆ ಲಗಾಮು ಇಲ್ಲ. ಅನ್ನವಿಲ್ಲದೆ ಹಾಲು, ಶೇಂಗಾದಂಥ ಬರೀ ಪ್ರೋಟೀನ್ ಬಿದ್ದರೆ ಇನ್ಸುಲಿನ್ ಸುರಿಯುತ್ತದೆ, ರಕ್ತದ ಸಕ್ಕರೆ ಬರಿದಾಗುತ್ತದೆ, ಮಿದುಳು ಹಸಿದು ಒದ್ದಾಡುತ್ತದೆ. ಹಾಗೆ ಒದ್ದಾಡಿ ಒದ್ದಾಡಿಯೇ ಇವಳ ಕಲಿಕೆಗೆ ಪೆಟ್ಟು ಬಿದ್ದಿದೆ ಎಂದರು. ಹೊಟ್ಟೆ ತುಂಬಿದ ಮಗುವಿನ ಮಿದುಳು ಹಸಿಯುತ್ತದೆ ಎಂದು ಯಾರು ತಾನೇ ಊಹಿಸುತ್ತಾರೆ? ನಾನು ಕಣ್ಣಾರೆ ಕಂಡಿದ್ದೆ.

"ಚಿಕ್ಕವಳಿದ್ದಾಗ ಮೊಟ್ಟೆ ಗಿಟ್ಟೆ ತಿಂದು ಹೀಗಾಗಿತ್ತಾ? ಅದೊಂದು ಗೊತ್ತಾಗಿದ್ದರೆ ಆಗಲೇ ಹಿಡಿಯಬಹುದಿತ್ತು" ಎಂದರು.

ನೀನು ಬೆನ್ನು ನೆಟ್ಟಗೆ ಮಾಡಿ, "ನಮ್ಮದು ಲಿಂಗವಂತರ ಮನಿ ರೀ. ಮೊಟ್ಟಿ ಯಾರು ತರ್ತಾರ? ಕೇಳ್ರಿ ನಮ್ಮ ಅಕ್ಕನ್ನ" ಎಂದು ನನ್ನ ಕಡೆ ನೋಡಿದೆ.

ನಾನು ತಲೆಯಾಡಿಸಿದೆ. ಹೌದು, ಯಾರೂ ತರುವುದಿಲ್ಲ ಎಂದು. ಮೊದಲ ಸುಳ್ಳಿಗೆ ಅತ್ತೆಯ ಭಯ ಎಂಬ ಹೆಸರಾದರೂ ಇತ್ತು. ಈ ಸಲ ಅತ್ತೆ ಅಲ್ಲಿರಲಿಲ್ಲ. ಹೋದ ವರ್ಷ ಅವರು ಲಿಂಗೈಕ್ಯರಾದರು, ಆಮೇಲೂ ನಾನು ಬಾಯಿ ಬಿಡಲಿಲ್ಲ. ನನಗೆ ಹೆದರಿಕೆ ಇದ್ದದ್ದು ನಿನ್ನದು, ಶೈಲಾ. ನೀನು ಅಕ್ಕಾ ಎನ್ನುವುದನ್ನು ಬಿಟ್ಟುಬಿಡುತ್ತೀಯೆಂದು.

ಈಗ ಮಾತ್ರೆಯಿಂದ ಸಹನಾ ಬೀಳುವುದು ನಿಂತಿದೆ. ಮಾತ್ರೆಗೆ ಕೈಮೇಲೆಲ್ಲ ಕೂದಲು ಬೆಳೆದಿದೆ, ಅವಳು ತೋಳು ಮುಚ್ಚಿಕೊಂಡು ಓಡಾಡುತ್ತಾಳೆ. ಮೊದಲು ಅನ್ನ, ಆಮೇಲೆ ಬ್ಯಾಳಿ ಎಂದು ನೀನು ತಟ್ಟೆಯ ಮುಂದೆ ಕಾಯುತ್ತೀಯ. ಹೋದದ್ದು ಮಾತ್ರ ತಿರುಗಿ ಬರಲಿಲ್ಲ. "ನಾ ಅವತ್ತು ತವರಿಗೆ ಹೋಗಿರದಿದ್ರ..." ಎಂದು ನೀನು ಈಗಲೂ ಅನ್ನುತ್ತೀಯ. ಹುಟ್ಟಿನದು ಎಂದು ಡಾಕ್ಟರಮ್ಮ ಹೇಳಿದರೂ ನಿನ್ನ ಮನಸ್ಸು ಒಪ್ಪಿಲ್ಲ. ನಾನು ಸಮಾಧಾನ ಮಾಡುತ್ತೇನೆ. ಎಂಥ ಹೆಂಗಸು ನಾನು!

ಹೋದ ಸೋಮವಾರ ನಾವು ಮೂವರೂ ದೊಡ್ಡಬಸಪ್ಪನಿಗೆ ಹೋಗಿ ಬಂದೆವಲ್ಲ, ಆಗ ಬಸ್ ನಿಲ್ದಾಣದಲ್ಲಿ ಆದದ್ದನ್ನು ನೀನು ಮರೆತಿರಬಹುದು. ಬಂಡಿಯ ಮೇಲೆ ಸುಲಿದಿಟ್ಟ ಮೊಟ್ಟೆ ನೋಡಿ ಸಹನಾ ನನ್ನ ಸೆರಗು ಜಗ್ಗಿ, "ದೊಡ್ಡಮ್ಮಾ, ಬಿಳಿ ಉಂಡಿ!" ಎಂದಳು. ನೀನು ನಕ್ಕು, "ಏನಬೇ ಅದು ಬಿಳಿ ಉಂಡಿ? ಯಾರು ಹೇಳಿದ್ರು?" ಎಂದು ಕೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನನ್ನನ್ನು ನೋಡಿದಳು. ಹದಿನೈದು ದಾಟಿದ ಹುಡುಗಿ, ಮೂರರ ಮಗುವಿನ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡು, "ಯಾರೂ ಇಲ್ಲ... ದೊಡ್ಡಮ್ಮ ಅಲ್ಲ" ಎಂದಳು. ನೀನು ಬಸ್ಸು ಬಂತೆಂದು ಚೀಲ ಎತ್ತಿಕೊಂಡೆ.

ಎರಡರ ಮಗ್ಗಿ ನಿಲ್ಲದ ತಲೆಯಲ್ಲಿ ನಾನು ಹೇಳಿದ್ದು ನಿಂತುಬಿಟ್ಟಿದೆ. ಇಷ್ಟು ವರ್ಷ ಎಷ್ಟು ಡಾಕ್ಟರುಗಳು ಅವಳನ್ನೇ ಕೇಳಿದರು — ಏನು ತಿಂದರೆ ಹೀಗಾಗುತ್ತೆ ಪುಟ್ಟಾ ಎಂದು. ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ತಿಳಿಯದೆ ನೋಡುತ್ತಾಳೆ ಎಂದುಕೊಂಡಿದ್ದೆ. ನನ್ನನ್ನು ಮನೆಯಿಂದ ಹೊರಗೆ ಹಾಕಿಯಾರೆಂದು ಅವಳು ಆ ಗುಟ್ಟನ್ನು ಕಾಯ್ದುಕೊಂಡು ಬಂದಿದ್ದಾಳೆ.

ನಾಳೆ ಭಾನುವಾರ. ಊಟವಾದ ಮೇಲೆ ನಿನ್ನ ಮುಂದೆಯೇ ಸಹನಾಳನ್ನು ಹತ್ತಿರ ಕರೆದು, "ಬಿಳಿ ಉಂಡಿ ಯಾರು ಕೊಟ್ರು, ಅಮ್ಮಗ ಹೇಳವ್ವಾ. ಇನ್ನ ಹೇಳಬಹುದು" ಎನ್ನುತ್ತೇನೆ. ಉಳಿದದ್ದನ್ನು ನಾನು ಹೇಳುತ್ತೇನೆ. ಆಮೇಲೆ ನೀನು ಹೊರಗೆ ಹೋಗು ಅಂದರೆ ಹೋಗುತ್ತೇನೆ, ಮಾತು ಬಿಟ್ಟರೆ ಅದೂ ಸರಿಯೇ. ಮೊದಲು ಆ ಮಗು ತುಟಿಯ ಮೇಲಿನ ಬೆರಳು ತೆಗೆಯಲಿ.