ಅಕ್ಕನ ಮುಖ

ಬೇಸಿಗೆ ರಜೆಯಲ್ಲಿ ಕಲಾ ಕಾಲೇಜಿನ ಹುಡುಗ ಹುಡುಗಿಯರು ಉಳಿದುಕೊಂಡು ಶಿಲ್ಪ ಮಾಡುವ ಸ್ಟುಡಿಯೋ ಅದು. ಅಲ್ಲಿ ಕಸ ಗುಡಿಸುತ್ತಿದ್ದ, ಎಲ್ಲರೂ 'ಅಕ್ಕ' ಎಂದು ಕರೆಯುತ್ತಿದ್ದ ಹೆಂಗಸನ್ನೇ ಅವರು ಮಾಡೆಲ್ ಆಗಿ ಕೂರಿಸಿಕೊಂಡರು. ತನ್ನನ್ನು ಯಾರಾದರೂ ಅಷ್ಟು ಹೊತ್ತು ಅಕ್ಕರೆಯಿಂದ ನೋಡಿದ್ದು ಅವಳಿಗೆ ಹೊಸದು. ಮೊದಮೊದಲು ನಾಚಿಕೊಂಡಳು, ಆಮೇಲೆ ಒಳಗೊಳಗೇ ಹಿಗ್ಗಿದಳು.

ಸುದ್ದಿ ಗಂಡನ ಕಿವಿಗೆ ಬಿತ್ತು. ಮಟಮಟ ಮಧ್ಯಾಹ್ನ ಅವನು ಕಬ್ಬಿಣದ ಸರಳು ಹಿಡಿದು ನುಗ್ಗಿದ. "ಕಂಡೋರ ಮುಂದೆಲ್ಲ ಮುಖ ತೋರಿಸ್ಕೊಂಡು ಕೂತ್ಕೋತೀಯೇನೇ?" ಎಂದು ಅವಳ ತುಟಿ ಒಡೆಯುವಂತೆ ಬಾರಿಸಿದ. ಆಮೇಲೆ ಸಾಲಾಗಿ ನಿಂತಿದ್ದ ಅವಳದೇ ಮಣ್ಣಿನ ಮುಖಗಳ ಮೇಲೆ ಎರಗಿದ. ಒಂದರ ಮೂಗು ಚಪ್ಪಟೆಯಾಯಿತು, ಇನ್ನೊಂದರ ದವಡೆ ಹಾರಿಹೋಯಿತು. ಹುಡುಗಿಯರು ಕಿರುಚಿದರು. ಮನೆಯ ಬಾಗಿಲ ಹಿಂದೆ ತನಗೆ ಆಗುತ್ತಿದ್ದದ್ದನ್ನು ಅಕ್ಕ ಮೊದಲ ಬಾರಿ ಕಣ್ಣಾರೆ ಕಂಡಳು.

ಮೇಜಿನ ಮೇಲಿದ್ದ ಮರದ ಕೊಡತಿ ಎತ್ತಿ ಅವನ ಮೊಣಕೈಗೆ ಬೀಸಿದಳು. ಮೂಳೆ ಲಟಕ್ಕೆಂದಿತು, ಸರಳು ನೆಲಕ್ಕೆ ಬಿತ್ತು. ಗದ್ದಲ ಕೇಳಿ ಓಡಿಬಂದ ಸ್ಟುಡಿಯೋ ಕಾವಲುಗಾರರು ಅವನನ್ನು ಎಳೆದೊಯ್ದು ಪೊಲೀಸರಿಗೆ ಒಪ್ಪಿಸಿದರು.

ಮರುದಿನ ಅವಳು ತಂಗಿಯ ಮನೆಯಿಂದ ಬಂದು ಮತ್ತೆ ಸ್ಟೂಲಿನ ಮೇಲೆ ಕೂತಳು. ಹೊಸ ಮಣ್ಣು ನಾದುತ್ತಿದ್ದ ಹುಡುಗಿಯೊಬ್ಬಳು ಹಿಂಜರಿಯುತ್ತ ಕೇಳಿದಳು: "ತುಟಿ ಊದಿದೆಯಲ್ಲ ಅಕ್ಕಾ, ಅದನ್ನ ಬಿಟ್ಟು ಮಾಡ್ಲಾ?"

"ಯಾಕಮ್ಮಾ? ಇದ್ದ ಹಾಗೇ ಮಾಡು."